ಜರ್ಮನಿಯಲ್ಲಿ ನೆಟ್‌ವರ್ಕ್ ಸಿಗುತ್ತಿಲ್ಲ: ಹೊಸ ಪ್ಲಾನ್ ಕೊಳ್ಳುವ ಮುಂಚೆ

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು. ಮದುವೆಯಾಗಿ ಜರ್ಮನಿಗೆ ಬಂದು ಎಂಟು ತಿಂಗಳಾಯಿತು. ಶ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರ, ಶ್ವೇಬಿಷ್ ಆಲ್ಬ್ ಗುಡ್ಡಗಳ ಬುಡದಲ್ಲಿರುವ ಸಣ್ಣ ಊರು. ನೆಲಮಹಡಿಯ ಮನೆ. ಮನೆಗೆ ಬೇರೆ ಇಂಟರ್ನೆಟ್ ಇಲ್ಲ, ಫೋನಿನ ಹಾಟ್‌ಸ್ಪಾಟ್‌ನಲ್ಲೇ ಆನ್‌ಲೈನ್ ಜರ್ಮನ್ ಕ್ಲಾಸ್ ನಡೆಯುತ್ತಿದೆ. ಫೋನ್ ಬೆಂಗಳೂರಿನಲ್ಲಿ ಕೊಂಡ ಆಂಡ್ರಾಯ್ಡ್. ಅಡುಗೆಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್, ಮಲಗುವ ಕೋಣೆಯಲ್ಲಿ ಅದೂ ಇಲ್ಲ. ಯಾರಾದರೂ ಫೋನ್ ಮಾಡಿದರೆ ಕ್ಲಾಸ್ ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ಅಮ್ಮನ ಜೊತೆ ವಿಡಿಯೊ ಕಾಲ್ ಮಾಡಿದರೆ ಮುಖ ಕಾಣುವುದಿಲ್ಲ, ಮಾತು ತುಂಡು ತುಂಡಾಗುತ್ತದೆ. ಊರಿನ ಬ್ಯಾಂಕಿನ ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ನಮ್ಮ ಯಜಮಾನರ ಫೋನ್ ಇಲ್ಲಿಯದು, ಅದು ಸ್ವಲ್ಪ ಪರವಾಗಿಲ್ಲ. ಅವರು ಅನ್‌ಲಿಮಿಟೆಡ್ ಪ್ಲಾನ್ ತೆಗೆದುಕೊಳ್ಳೋಣ ಎನ್ನುತ್ತಾರೆ. ಗೆಳತಿಯೊಬ್ಬಳು ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ತರಿಸು ಎನ್ನುತ್ತಾಳೆ. ಈಗಿನ ಕಾಂಟ್ರಾಕ್ಟ್ 24 ತಿಂಗಳದ್ದು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಬೂಸ್ಟರ್ ಅಂತೂ ಬೇಡವೇ ಬೇಡ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ನೀವು ಬರೆದಿರುವುದು ಒಂದು ತೊಂದರೆಯ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಕಡಿಮೆ ಎಂದರೂ ನಾಲ್ಕು ತೊಂದರೆಗಳಿವೆ. ಅಡುಗೆಮನೆಯ ಒಂದು ಕಡ್ಡಿ ಬೇರೆ, ಕರೆ ಬಂದಾಗ ಕ್ಲಾಸ್ ನಿಲ್ಲುವುದು ಬೇರೆ, ಅಮ್ಮನ ಮುಖ ಕಾಣದಿರುವುದು ಬೇರೆ, ಒಟಿಪಿ ಬೇರೆ. ಅನ್‌ಲಿಮಿಟೆಡ್ ಪ್ಲಾನ್ ಇವುಗಳಲ್ಲಿ ಯಾವುದನ್ನೂ ಸರಿಮಾಡುವುದಿಲ್ಲ. ಅದು ಡೇಟಾ ಮುಗಿದುಹೋಗುವವರಿಗೆ ಮಾತ್ರ ಮದ್ದು. ಸಿಗ್ನಲ್ಲೇ ಒಳಗೆ ಬಾರದ ಮನೆಯಲ್ಲಿ ಎಷ್ಟು ಡೇಟಾ ಕೊಟ್ಟರೇನು?

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಫೋನ್ ಬೆಂಗಳೂರಿನದು ಎಂಬ ಮಾತು. ಇಲ್ಲಿಗೆ ಬರುವ ನಮ್ಮವರಲ್ಲಿ ಬಹಳ ಜನ ಹೊರಡುವ ಮುಂಚೆ ಊರಿನಲ್ಲೇ ಹೊಸ ಫೋನ್ ಕೊಳ್ಳುತ್ತಾರೆ. ಬೆಲೆ ಕಡಿಮೆ, ತಪ್ಪೇನಿಲ್ಲ. ಆದರೆ ಫೋನಿನ ಒಳಗಿನ ರೇಡಿಯೊ ಎಲ್ಲ ದೇಶಕ್ಕೂ ಒಂದೇ ಅಲ್ಲ. ಭಾರತದಲ್ಲಿ 4ಜಿ ಹೆಚ್ಚಾಗಿ ನಡೆಯುವುದು 850, 900, 1800, 2100, 2300 ಮೆಗಾಹರ್ಟ್ಸ್ ತರಂಗಗಳಲ್ಲಿ. ಜರ್ಮನಿಯ ನಗರಗಳಲ್ಲೂ 1800 ಇದೆ, ಹಾಗಾಗಿ ಶ್ಟುಟ್‌ಗಾರ್ಟ್ ಪೇಟೆಯಲ್ಲಿ ನಿಮ್ಮ ಫೋನ್ ಚೆನ್ನಾಗಿಯೇ ಓಡಬಹುದು. ಹಳ್ಳಿಗಾಡಿನ ಕಥೆ ಬೇರೆ. ಇಲ್ಲಿ ಹಳ್ಳಿಗಳಿಗೆ 4ಜಿ ಬಂದದ್ದೇ 800 ಮೆಗಾಹರ್ಟ್ಸ್ ಮೇಲೆ. 2010ರ ಹರಾಜಿನಲ್ಲಿ ಆ ತರಂಗಗಳನ್ನು ಕಂಪನಿಗಳಿಗೆ ಕೊಡುವಾಗಲೇ, ಮೊದಲು ಇಂಟರ್ನೆಟ್ ಇಲ್ಲದ ಹಳ್ಳಿಗಳಿಗೆ ಕೊಡಿ, ಆಮೇಲೆ ಪೇಟೆಗೆ ಎಂದು ಸರ್ಕಾರ ಷರತ್ತು ಹಾಕಿತ್ತು. ಈ 800ಕ್ಕೆ ಬ್ಯಾಂಡ್ 20 ಎಂದು ಹೆಸರು. ತರಂಗ ಎಷ್ಟು ಕೆಳಗಿನದೋ ಅಷ್ಟು ದೂರ ಹೋಗುತ್ತದೆ, ಗೋಡೆಯನ್ನೂ ಅಷ್ಟು ಚೆನ್ನಾಗಿ ದಾಟುತ್ತದೆ. ಭಾರತದಲ್ಲಿ ಬ್ಯಾಂಡ್ 20 ಬಳಕೆಯಲ್ಲಿಲ್ಲ. ಅದಕ್ಕೇ ಭಾರತಕ್ಕೆಂದು ಮಾಡಿದ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ, ಅದರಲ್ಲೂ ಕಡಿಮೆ ಮತ್ತು ಮಧ್ಯಮ ಬೆಲೆಯವುಗಳಲ್ಲಿ, ಅದನ್ನು ಕೊಟ್ಟೇ ಇರುವುದಿಲ್ಲ. ನಿಮ್ಮ ಮನೆಯವರೆಗೆ ಬರುವ ಸಿಗ್ನಲ್ ಬ್ಯಾಂಡ್ 20ರದು ಮಾತ್ರ ಆಗಿದ್ದರೆ, ನಿಮ್ಮ ಫೋನಿಗೆ ಅದು ಇಲ್ಲದ ಹಾಗೆಯೇ. ಐಫೋನ್‌ಗಳಲ್ಲಿ ಈ ತೊಂದರೆ ಕಡಿಮೆ.

ನೋಡುವುದು ಹೇಗೆ? ಸೆಟ್ಟಿಂಗ್ಸ್‌ನಲ್ಲಿ ಫೋನಿನ ಪೂರ್ತಿ ಮಾಡೆಲ್ ನಂಬರ್ ತೆಗೆದುಕೊಳ್ಳಿ. ಮಾರಾಟದ ಹೆಸರು ಸಾಲದು, ಒಂದೇ ಹೆಸರಿನ ಫೋನಿಗೆ ಭಾರತದ ಮಾಡೆಲ್ ಒಂದು, ಯುರೋಪಿನದು ಒಂದು ಇರುತ್ತದೆ. ತಯಾರಕರ ಪುಟದಲ್ಲಿ 4ಜಿ ಬ್ಯಾಂಡ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ 20 ಇದೆಯಾ ನೋಡಿ. 28 ಕೂಡ ಇದ್ದರೆ ಇನ್ನೂ ಒಳ್ಳೆಯದು, ಅದು 700 ಮೆಗಾಹರ್ಟ್ಸ್.

ಇದಕ್ಕಿಂತ ಸುಲಭದ ಪರೀಕ್ಷೆ ನಿಮ್ಮ ಮನೆಯಲ್ಲೇ ಇದೆ. ನಿಮ್ಮ ಸಿಮ್ಮನ್ನು ಒಂದು ಸಂಜೆ ಯಜಮಾನರ ಫೋನಿಗೆ ಹಾಕಿ, ಅವರದ್ದನ್ನು ನಿಮ್ಮ ಫೋನಿಗೆ. ತೊಂದರೆ ಫೋನಿನ ಜೊತೆಗೇ ಉಳಿದರೆ ಕಾರಣ ಫೋನ್. ಸಿಮ್ಮಿನ ಜೊತೆ ಅತ್ತ ಹೋದರೆ ಕಾರಣ ಕಂಪನಿ. ಈ ಒಂದು ಸಂಜೆಯ ಕೆಲಸ ಮಾಡದೆ ಜನ ಕಂಪನಿ ಮೇಲೆ ಕಂಪನಿ ಬದಲಿಸಿ, ದುಡ್ಡು ಕಳೆದುಕೊಂಡು, ಕೊನೆಗೆ ಈ ದೇಶದಲ್ಲಿ ನೆಟ್ಟೇ ಸರಿಯಿಲ್ಲ ಎಂದು ಕೈಚೆಲ್ಲುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈಗ ಕರೆ ಬಂದಾಗ ಕ್ಲಾಸ್ ನಿಲ್ಲುವ ವಿಷಯ. ಇದು ಬಹಳ ಒಳ್ಳೆಯ ಸುಳಿವು. ಜರ್ಮನಿಯಲ್ಲಿ 3ಜಿ ಪೂರ್ತಿ ಮುಚ್ಚಿಹೋಗಿದೆ. 2021ರಲ್ಲೇ ಮೂರೂ ದೊಡ್ಡ ಕಂಪನಿಗಳು ಅದನ್ನು ನಿಲ್ಲಿಸಿದವು. ಹಾಗಾಗಿ ಮಾತಿನ ಕರೆಗೆ ಎರಡೇ ದಾರಿ. ಒಂದು, 4ಜಿ ಮೇಲೆಯೇ ಕರೆ ಹೋಗುವುದು, ಅದೇ ವೋಲ್ಟಿ. ಇನ್ನೊಂದು, ಹಳೆಯ 2ಜಿಗೆ ಇಳಿಯುವುದು. 2ಜಿಗೆ ಇಳಿದ ಫೋನಿನಲ್ಲಿ ಕರೆ ಮುಗಿಯುವ ತನಕ ಇಂಟರ್ನೆಟ್ ನಿಂತುಬಿಡುತ್ತದೆ. ನಿಮಗೆ ಆಗುತ್ತಿರುವುದು ಅದೇ ಇರಬೇಕು. ಮುಂದಿನ ಸಲ ಕರೆ ಬಂದಾಗ ಮೇಲಿನ ಮೂಲೆ ನೋಡಿ. 4ಜಿ ಗುರುತು ಹೋಗಿ ಇ (E) ಎಂಬ ಅಕ್ಷರ ಬಂದರೆ, ಅಥವಾ ಗುರುತೇ ಮಾಯವಾದರೆ, ವೋಲ್ಟಿ ಕೆಲಸ ಮಾಡುತ್ತಿಲ್ಲ ಎಂದು ಅರ್ಥ.

ಇದಕ್ಕೆ ಮೊದಲು ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಅಥವಾ 4ಜಿ ಕಾಲಿಂಗ್ ಆನ್ ಆಗಿದೆಯಾ ನೋಡಿ. ಆನ್ ಇದ್ದರೂ ಆಗದಿದ್ದರೆ ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆಮೇಲೂ ಆಗದಿದ್ದರೆ, ಭಾರತದ ಸಾಫ್ಟ್‌ವೇರ್ ಇರುವ ನಿಮ್ಮ ಫೋನಿನಲ್ಲಿ ಜರ್ಮನ್ ಕಂಪನಿಯ ವೋಲ್ಟಿ ವಿವರಗಳು ಇಲ್ಲದಿರಬಹುದು. ಊರಿನಲ್ಲಿ ವೋಲ್ಟಿ ಚೆನ್ನಾಗಿ ಓಡುತ್ತಿತ್ತಲ್ಲ ಎನ್ನಬೇಡಿ, ಇದು ಕಂಪನಿಯಿಂದ ಕಂಪನಿಗೆ ಬೇರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅನ್ನಲು ಇನ್ನೊಂದು ಕಾರಣವಿದೆ. 2028ರಲ್ಲಿ 2ಜಿಯನ್ನೂ ನಿಲ್ಲಿಸುವುದಾಗಿ ಇಲ್ಲಿನ ದೊಡ್ಡ ಫೋನ್ ಕಂಪನಿ ಡಾಯ್ಚ ಟೆಲಿಕಾಂ ಹೇಳಿದೆ. ಆಗ ವೋಲ್ಟಿ ಬಾರದ ಫೋನಿನಲ್ಲಿ ಆ ನೆಟ್‌ವರ್ಕಿನ ಮಾತಿನ ಕರೆಯೇ ಹೋಗುವುದಿಲ್ಲ. ಮುಂದೆ ಫೋನ್ ಬದಲಿಸುವಾಗ ಕ್ಯಾಮೆರಾಗಿಂತ ಮೊದಲು ಬ್ಯಾಂಡ್ 20 ಮತ್ತು ವೋಲ್ಟಿ ವಿಚಾರಿಸಿ. ಜರ್ಮನಿಯಲ್ಲೇ ಮಾರುವ ಸಾಧಾರಣ ಬೆಲೆಯ ಫೋನ್ ಆದರೂ ಪರವಾಗಿಲ್ಲ. ಈ ಊರಿಗೆ ಅದು ನಿಮ್ಮ ಈಗಿನ ಫೋನಿಗಿಂತ ಚೆನ್ನಾಗಿ ಹೊಂದುತ್ತದೆ.

ಸಿಮ್ ಅದಲುಬದಲು ಮಾಡಿ ನೋಡಿದ ಮೇಲೂ ಮನೆಯೊಳಗೆ ಎರಡೂ ಫೋನ್ ಒದ್ದಾಡುತ್ತಿದ್ದರೆ ಮನೆಯನ್ನೇ ನೋಡಬೇಕು. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಎಂದಿರುತ್ತದೆ, ಅಲ್ಲಿ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯಲ್ಲಿ ಸಿಗುತ್ತದೆ, ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆ. ಮೈನಸ್ 100 ಅಷ್ಟಕ್ಕಷ್ಟೆ. ಮೈನಸ್ 110 ದಾಟಿದರೆ ವಿಡಿಯೊ ಕಷ್ಟ, 120ರ ಹತ್ತಿರ ಹೋದರೆ ಕರೆಯೇ ಬೀಳುತ್ತದೆ. ಈ ಅಂಕಿ ನೋಡುತ್ತಾ ಮನೆಯೆಲ್ಲ ಒಂದು ಸುತ್ತು ಹಾಕಿ. ಪ್ರತಿ ಕಿಟಕಿಯ ಹತ್ತಿರ, ಆಮೇಲೆ ಕಿಟಕಿ ತೆಗೆದು, ಆಮೇಲೆ ಬಾಗಿಲ ಹೊರಗೆ. ಕಿಟಕಿ ತೆಗೆದ ಕೂಡಲೇ ಅಂಕಿ ದಿಢೀರನೆ ಸುಧಾರಿಸಿದರೆ ತಡೆಯುತ್ತಿರುವುದು ಗಾಜು. ಇಲ್ಲಿನ ಹೊಸ ಕಿಟಕಿಗಳ ಗಾಜಿಗೆ ಚಳಿ ತಡೆಯಲು ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಇರುತ್ತದೆ. ಅದು ಬಿಸಿಯನ್ನು ಒಳಗೆ ಉಳಿಸುತ್ತದೆ, ರೇಡಿಯೊ ತರಂಗವನ್ನು ಹೊರಗೆ ನಿಲ್ಲಿಸುತ್ತದೆ. ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆ, ನೆಲಮಹಡಿ, ಎದುರಿಗೆ ಗುಡ್ಡ, ಎಲ್ಲವೂ ಸೇರಿದರೆ ಯಾವ ಕಂಪನಿಗೂ ಕಷ್ಟವೇ.

ಈ ಸುತ್ತಿನಲ್ಲಿ ಒಂದು ಒಳ್ಳೆಯ ಜಾಗ ಸಿಕ್ಕೇ ಸಿಗುತ್ತದೆ. ಹೆಚ್ಚಾಗಿ ಟವರ್ ಇರುವ ದಿಕ್ಕಿನ ಕಿಟಕಿಯ ಮೇಲಿನ ಮೂಲೆ. ಇವತ್ತಿನಿಂದಲೇ ಕ್ಲಾಸಿನ ಹೊತ್ತಿಗೆ ಫೋನನ್ನು ಆ ಜಾಗದಲ್ಲಿ ಚಾರ್ಜಿಗೆ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ, ನೀವು ಲ್ಯಾಪ್‌ಟಾಪ್ ಹಿಡಿದು ಬೆಚ್ಚಗೆ ಒಳಗೆ ಕೂತುಕೊಳ್ಳಿ. ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ, ಅದು 5 ಗಿಗಾಹರ್ಟ್ಸ್‌ಗಿಂತ ಗೋಡೆಯನ್ನು ಚೆನ್ನಾಗಿ ದಾಟುತ್ತದೆ. ಫೋನ್ ಟವರಿಗೆ ಹತ್ತಿರ ಇರಬೇಕೇ ಹೊರತು ನಿಮಗಲ್ಲ. ಬಾವಿಯಲ್ಲಿ ನೀರಿದ್ದ ಕಡೆ ಪಂಪ್ ಇಟ್ಟು ಮನೆಗೆ ಪೈಪ್ ಎಳೆಯುವುದಿಲ್ವಾ, ಹಾಗೆ. ಪೈಸೆ ಖರ್ಚಿಲ್ಲದ ಉಪಾಯ ಇದು, ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ.

ಕಂಪನಿಯ ವಿಷಯಕ್ಕೆ ಬರೋಣ. ಜರ್ಮನಿಯಲ್ಲಿ ದೇಶದ ಉದ್ದಗಲಕ್ಕೂ ಸ್ವಂತ ಜಾಲ ಇರುವುದು ಡಾಯ್ಚ ಟೆಲಿಕಾಂ (ಇಲ್ಲಿ ಬರಿ ಟೆಲಿಕಾಂ ಎನ್ನುತ್ತಾರೆ), ವೊಡಾಫೋನ್, ಓ2 ಈ ಮೂವರಿಗೆ. ನಾಲ್ಕನೆಯದು ಐನ್ಸ್ ಉಂಟ್ ಐನ್ಸ್, ಅದರ ಜಾಲ ಇನ್ನೂ ಬೆಳೆಯುತ್ತಿದೆ, ತನ್ನ ಟವರ್ ಇಲ್ಲದ ಕಡೆ ವೊಡಾಫೋನ್ ಟವರ್ ಬಳಸುತ್ತದೆ. ಅಂಗಡಿಯಲ್ಲಿ ಕಾಣುವ ಹತ್ತಾರು ಬೇರೆ ಹೆಸರುಗಳೆಲ್ಲ ಇವರ ಟವರ್ ಮೇಲೆಯೇ ಓಡುವುದು. ಆಲ್ಡಿ ಟಾಕ್ ಓ2 ಮೇಲೆ, ಲಿಡ್ಲ್ ಕನೆಕ್ಟ್ ವೊಡಾಫೋನ್ ಮೇಲೆ, ಕಾಂಗ್‌ಸ್ಟಾರ್ ಟೆಲಿಕಾಂ ಮೇಲೆ. ಹಳ್ಳಿ ಕಡೆ ಸಾಮಾನ್ಯವಾಗಿ ಟೆಲಿಕಾಂ ಮುಂದೆ, ಬೆಲೆಯೂ ಅದರದ್ದೇ ಜಾಸ್ತಿ. ಆದರೆ ನಿಮ್ಮ ಬೀದಿಗೆ ಅದೇ ಸರಿ ಎಂದು ಹೇಳಲಾಗದು. ಗುಡ್ಡದ ಈ ಮಗ್ಗುಲಿಗೆ ಒಬ್ಬರ ಟವರ್, ಆ ಮಗ್ಗುಲಿಗೆ ಇನ್ನೊಬ್ಬರದು ಇರುತ್ತದೆ. ಇಲ್ಲಿನ ಟೆಲಿಕಾಂ ನಿಯಂತ್ರಕ ಸಂಸ್ಥೆ ಬುಂಡೆಸ್‌ನೆಟ್ಸ್‌ಅಗೆಂಟೂರ್ ಒಂದೊಂದು ಕಂಪನಿಯ ಸಿಗ್ನಲ್ ಎಲ್ಲೆಲ್ಲಿ ಇದೆ ಎಂಬ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ ನಿಮ್ಮ ಊರನ್ನು ಹಿಗ್ಗಿಸಿ ನೋಡಿ. ನಕ್ಷೆ ಬಯಲಿನ ಲೆಕ್ಕ ಹೇಳುತ್ತದೆ, ನಿಮ್ಮ ಗೋಡೆಯ ಒಳಗಿನದ್ದಲ್ಲ, ಅದು ನೆನಪಿರಲಿ.

ನಕ್ಷೆಯಲ್ಲಿ ಹಸಿರು, ಕಾಡಿನ ರಸ್ತೆಯಲ್ಲಿ ಸೊನ್ನೆ, ಇದೇಕೆ ಎಂದು ಬಹಳ ಜನ ಕೇಳುತ್ತಾರೆ. 2019ರ ತರಂಗಗಳ ಹರಾಜಿನ ಷರತ್ತು ಪ್ರತಿ ರಾಜ್ಯದ 98 ಶೇಕಡಾ ಮನೆಗಳಿಗೆ ವೇಗದ ನೆಟ್ ಕೊಡಬೇಕು ಎಂದಿತ್ತು. ಮನೆಗಳಿಗೆ, ನೆಲಕ್ಕಲ್ಲ. ಮನೆ ಇಲ್ಲದ ಕಣಿವೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. 2025ರಲ್ಲಿ ಹಾಕಿದ ಹೊಸ ಷರತ್ತು ನೆಲವನ್ನೇ ಲೆಕ್ಕ ಹಿಡಿದಿದೆ, 2030ರಿಂದ ದೇಶದ 99.5 ಶೇಕಡಾ ವಿಸ್ತೀರ್ಣಕ್ಕೆ ಸೆಕೆಂಡಿಗೆ 50 ಮೆಗಾಬಿಟ್ ವೇಗ ಸಿಗಬೇಕು. ಅಂದರೆ ಸುಧಾರಣೆ ಬರುತ್ತದೆ, ಆದರೆ ನಿಮ್ಮ ಈ ಚಳಿಗಾಲದ ಕ್ಲಾಸಿಗೆ ಅಲ್ಲ.

ಬೇರೆ ನೆಟ್‌ವರ್ಕ್ ಪರೀಕ್ಷಿಸಲು ಕಾಂಟ್ರಾಕ್ಟ್ ಬೇಡ. ಅಗ್ಗದ ಪ್ರೀಪೇಯ್ಡ್ ಸಿಮ್ ಒಂದನ್ನು ನಾಲ್ಕು ವಾರಕ್ಕೆ ತೆಗೆದುಕೊಳ್ಳಿ. 2017ರಿಂದ ಪ್ರೀಪೇಯ್ಡ್‌ಗೂ ಗುರುತು ತೋರಿಸುವುದು ಕಡ್ಡಾಯ. ಪಾಸ್‌ಪೋರ್ಟ್ ಹಿಡಿದು ವಿಡಿಯೊ ಕರೆಯಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಮುಗಿಸಬಹುದು. ವಿಡಿಯೊ ಗುರುತಿಗೆ ಒಳ್ಳೆಯ ನೆಟ್ ಬೇಕು, ನಿಮ್ಮ ಮನೆಯಲ್ಲಿ ಕೂತು ಮಾಡಲು ಹೋದರೆ ಅರ್ಧಕ್ಕೇ ಕಡಿಯುತ್ತದೆ. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಮಾಡಿ, ಬಹಳಷ್ಟು ಗ್ರಂಥಾಲಯಗಳಲ್ಲಿ ವೈಫೈ ಇರುತ್ತದೆ. ಪರೀಕ್ಷೆಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ ಮಾಡಿ. ಬೆಳಿಗ್ಗೆ ವೇಗ ಚೆನ್ನಾಗಿದ್ದು, ರಾತ್ರಿ ಸಿಗ್ನಲ್ ಅಷ್ಟೇ ಇದ್ದರೂ ವೇಗ ಕುಸಿದರೆ, ಟವರ್ ಮೇಲೆ ಜನ ಜಾಸ್ತಿ ಎಂದರ್ಥ. ಅದಕ್ಕೆ ಫೋನ್ ಬದಲಿಸಿ ಪ್ರಯೋಜನವಿಲ್ಲ.

ಇನ್ನು, ತಿಂಗಳ ಕೊನೆಯ ವಾರದಲ್ಲಿ ಮಾತ್ರ ನೆಟ್ ಸತ್ತ ಹಾಗಾಗುತ್ತಿದ್ದರೆ ಕಾರಣ ಇನ್ನೂ ಸರಳ. ಊರಿನಲ್ಲಿ ದಿನಕ್ಕೆ ಒಂದೂವರೆ, ಎರಡು ಜಿಬಿ ಸಿಕ್ಕು ಮಧ್ಯರಾತ್ರಿಗೆ ಮತ್ತೆ ತುಂಬುವುದು ನಮಗೆ ಅಭ್ಯಾಸ. ಇಲ್ಲಿ ತಿಂಗಳಿಗೆ ಇಷ್ಟು ಎಂದು ಲೆಕ್ಕ. ಅದು ಮುಗಿದ ಮೇಲೆ ನೆಟ್ ನಿಲ್ಲುವುದಿಲ್ಲ, ಆದರೆ ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ನಂಥ ಮಟ್ಟಕ್ಕೆ ಇಳಿಸುತ್ತಾರೆ. ಸಿಗ್ನಲ್ ತುಂಬಾ ಕಾಣುತ್ತದೆ, ಏನೂ ತೆರೆಯುವುದಿಲ್ಲ. ಒಂದು ಗಂಟೆಯ ಒಳ್ಳೆಯ ವಿಡಿಯೊ ಕರೆಗೆ ಸುಮಾರು 1 ಜಿಬಿ ಹೋಗುತ್ತದೆ. ಕ್ಲಾಸೂ ಅಮ್ಮನ ಕರೆಯೂ ಇದರಲ್ಲೇ ಆದರೆ ಬೇಗ ಖಾಲಿಯಾಗುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಎಷ್ಟು ಉಳಿದಿದೆ ಎಂದು ನೋಡಿ. ಇದೊಂದೇ ಸಂದರ್ಭದಲ್ಲಿ ನಿಮ್ಮ ಯಜಮಾನರ ಅನ್‌ಲಿಮಿಟೆಡ್ ಮಾತು ಸರಿ.

ಆದರೂ ನನ್ನ ಸಲಹೆ ಏನೆಂದರೆ, ಆ ದುಡ್ಡನ್ನು ಮನೆಗೆ ತಂತಿಯ ಇಂಟರ್ನೆಟ್ ಹಾಕಿಸಲು ಬಳಸಿ. ಕ್ಲಾಸ್, ಕೆಲಸದ ಸಂದರ್ಶನ, ಅಮ್ಮನ ಜೊತೆ ಮಾತು, ಇಷ್ಟು ಮುಖ್ಯವಾದವುಗಳನ್ನು ಗುಡ್ಡದ ಆಚೆಯ ಟವರಿನ ಮೇಲೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಇನ್ನೆರಡು ವರ್ಷದಲ್ಲಿ ಮನೆ ಬದಲಿಸಬಹುದು ಎಂಬ ಭಯಕ್ಕೆ ಬಹಳ ಜನ ಹಿಂಜರಿಯುತ್ತಾರೆ. ಮನೆ ಬದಲಿಸಿದರೆ ಕಾಂಟ್ರಾಕ್ಟ್ ನಿಮ್ಮ ಜೊತೆ ಹೊಸ ಮನೆಗೆ ಬರುತ್ತದೆ. ಅಲ್ಲಿ ಆ ಸೇವೆ ಕೊಡಲು ಅವರಿಗೆ ಆಗದಿದ್ದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಕಾನೂನಿನಲ್ಲೇ ಇದೆ. ತಿಂಗಳು ತಿಂಗಳಿಗೆ ನಿಲ್ಲಿಸಬಹುದಾದ ಕಾಂಟ್ರಾಕ್ಟ್‌ಗಳೂ ಸಿಗುತ್ತವೆ. ರೌಟರನ್ನು ಕಂಪನಿಯಿಂದಲೇ ಬಾಡಿಗೆಗೆ ಪಡೆಯಬೇಕೆಂದಿಲ್ಲ, 2016ರಿಂದ ನಿಮ್ಮದೇ ರೌಟರ್ ಹಾಕಿಕೊಳ್ಳುವ ಹಕ್ಕಿದೆ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ.

ಅರ್ಜಿ ಹಾಕಿದ ಮೇಲೆ ಟೆಕ್ನಿಷಿಯನ್ ಬರಲು ವಾರಗಳು ಹಿಡಿಯಬಹುದು. ಇಲ್ಲಿ ಒಂದು ಸಣ್ಣ ವಿಷಯಕ್ಕೆ ನಮ್ಮವರು ಸಿಕ್ಕಿಬೀಳುತ್ತಾರೆ. ಹೊರಗಿನ ಕರೆಗಂಟೆಯ ಮೇಲೂ ಅಂಚೆ ಪೆಟ್ಟಿಗೆಯ ಮೇಲೂ ನಿಮ್ಮ ಹೆಸರು ಇರಲೇಬೇಕು. ಕಾಂಟ್ರಾಕ್ಟ್ ನಿಮ್ಮ ಹೆಸರಿನಲ್ಲಿದ್ದು ಗಂಟೆಯ ಮೇಲೆ ಯಜಮಾನರ ಹೆಸರು ಮಾತ್ರ ಇದ್ದರೆ, ಬಂದವರು ಮನೆ ಸಿಗಲಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಸಿಮ್ ಇರುವ ಲಕೋಟೆಯೂ ಹಾಗೆಯೇ ವಾಪಸ್ ಹೋಗುತ್ತದೆ. ಎರಡು ಹೆಸರನ್ನೂ ಇವತ್ತೇ ಅಂಟಿಸಿ. ನೀವು ಮನೆಯಲ್ಲೇ ಕಾದಿದ್ದು, ಹೆಸರೂ ಇದ್ದು, ಹೇಳಿದ ಹೊತ್ತಿಗೆ ಅವರು ಬಾರದಿದ್ದರೆ ಪರಿಹಾರ ಕೇಳಬಹುದು: 10 ಯುರೋ ಅಥವಾ ತಿಂಗಳ ಬಿಲ್ಲಿನ 20 ಶೇಕಡಾ, ಯಾವುದು ಹೆಚ್ಚೋ ಅದು.

ಮನೆಗೆ ವೈಫೈ ಬಂದ ಮೇಲೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಇಲ್ಲಿ ಅದನ್ನು ವೇಲಾನ್ ಕಾಲ್ ಎನ್ನುತ್ತಾರೆ. ಆಗ ಮಲಗುವ ಕೋಣೆಯಲ್ಲೂ ಮಾಮೂಲಿ ಕರೆ ಬರುತ್ತದೆ. ಇದೂ ವೋಲ್ಟಿಯ ಹಾಗೆ ಫೋನಿನ ಸಾಫ್ಟ್‌ವೇರ್ ಮೇಲೆ ನಿಂತಿದೆ. ಮನೆಯ ವೈಫೈ ಮೂಲಕ ಹೋಗುತ್ತದೆಂದು ಭಾರತಕ್ಕೆ ಮಾಮೂಲಿ ನಂಬರಿಗೆ ಹೀಗೆ ಕರೆ ಮಾಡಬೇಡಿ, ಅದಕ್ಕೆ ಅಂತರರಾಷ್ಟ್ರೀಯ ಕರೆಯ ದರವೇ ಬೀಳುತ್ತದೆ.

ಈಗ ಒಟಿಪಿ. ಇದಕ್ಕೆ ಇಂಟರ್ನೆಟ್ ಸಂಬಂಧವೇ ಇಲ್ಲ. ಅದು ಎಸ್‌ಎಂಎಸ್. ನಿಮ್ಮ ಭಾರತದ ಸಿಮ್ ಇಲ್ಲಿನ ಯಾವುದೋ ಟವರಿಗೆ ರೋಮಿಂಗ್‌ನಲ್ಲಿ ಅಂಟಿಕೊಂಡಿದ್ದರೆ ಮಾತ್ರ ಬರುತ್ತದೆ. ಮೊದಲು ಆ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಆನ್ ಆಗಿರಬೇಕು, ರೀಚಾರ್ಜ್ ಮುಗಿದಿರಬಾರದು. ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ, ಇಲ್ಲದಿದ್ದರೆ ದುಡ್ಡು ಹರಿದುಹೋಗುತ್ತದೆ. ಇಲ್ಲಿ ಒಂದು ಅನುಕೂಲವಿದೆ, ನಿಮ್ಮ ಜರ್ಮನ್ ಸಿಮ್ ತನ್ನ ಕಂಪನಿಯ ಟವರನ್ನೇ ಹುಡುಕುತ್ತದೆ, ರೋಮಿಂಗ್ ಸಿಮ್ ಒಪ್ಪಂದ ಇರುವ ಯಾವ ಕಂಪನಿಗೂ ಅಂಟಿಕೊಳ್ಳಬಹುದು. ನೆಟ್‌ವರ್ಕ್ ಆಯ್ಕೆಯನ್ನು ಭಾರತದ ಸಿಮ್ಮಿಗೆ ಆಟೋಮ್ಯಾಟಿಕ್‌ನಿಂದ ಮ್ಯಾನುವಲ್‌ಗೆ ಬದಲಿಸಿ ಹುಡುಕಿಸಿ. ನಿಮ್ಮ ಮನೆಗೆ ತಲುಪುವ ಎಲ್ಲ ಕಂಪನಿಗಳ ಹೆಸರೂ ಪಟ್ಟಿಯಲ್ಲಿ ಬರುತ್ತದೆ. ಒಂದೊಂದನ್ನೂ ಆರಿಸಿ ನೋಡಿ. ಎಸ್‌ಎಂಎಸ್‌ಗೆ 2ಜಿ ಕೂಡ ಸಾಕು. ನಿಮ್ಮ ಬೀದಿಗೆ ಯಾವ ಕಂಪನಿ ಬರುತ್ತದೆ ಎಂದು ತಿಳಿಯಲೂ ಇದು ಒಳ್ಳೆಯ ದಾರಿ.

ಆದರೆ ಇದು ತಾತ್ಕಾಲಿಕ. ವಿದೇಶದಲ್ಲಿ ನೆಲೆಸಿದ ಮೇಲೆ ನಿಮ್ಮ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ವಿದೇಶದಲ್ಲಿ ನೆಲೆಸಿದ ಭಾರತೀಯರ) ಖಾತೆಯಾಗಿ ಬದಲಿಸಬೇಕು, ಅದು ನಿಯಮ. ಬದಲಿಸುವಾಗಲೇ ಎರಡು ವಿಷಯ ಕೇಳಿ: ಜರ್ಮನ್ ನಂಬರನ್ನು ಖಾತೆಗೆ ಸೇರಿಸಬಹುದಾ, ಒಟಿಪಿಯನ್ನು ಇಮೇಲ್‌ಗೂ ಕಳಿಸುತ್ತೀರಾ. ಎನ್‌ಆರ್‌ಐ ಖಾತೆಗಳಿಗೆ ಹಲವು ಬ್ಯಾಂಕುಗಳು ಇದನ್ನು ಮಾಡಿಕೊಡುತ್ತವೆ. ಯುಪಿಐ ವಿಷಯದಲ್ಲಿ ಅವಸರ ಬೇಡ. 2023ರ ಜನವರಿಯಲ್ಲಿ ವಿದೇಶದ ನಂಬರಿಗೂ ಯುಪಿಐ ಕೊಡಲು ಒಪ್ಪಿದಾಗ ಮಾಡಿದ 10 ದೇಶಗಳ ಪಟ್ಟಿಯಲ್ಲಿ ಅಮೆರಿಕ, ಬ್ರಿಟನ್, ಯುಎಇ ಎಲ್ಲ ಇದ್ದವು, ಜರ್ಮನಿ ಇರಲಿಲ್ಲ. ಅದಕ್ಕೇ ಭಾರತದ ನಂಬರನ್ನು ಜೀವಂತವಾಗಿ ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ನಂಬರನ್ನು ಕಂಪನಿ ನಿಲ್ಲಿಸಿ ಬೇರೆಯವರಿಗೆ ಕೊಡಬಹುದು. ಬ್ಯಾಂಕಿಗೆ ಜೋಡಿಸಿದ ನಂಬರ್ ಇನ್ನೊಬ್ಬರ ಕೈ ಸೇರುವುದು ಸಣ್ಣ ವಿಷಯವಲ್ಲ.

ಅಮ್ಮನ ಕರೆಯ ಬಗ್ಗೆ. ತೊಂದರೆ ಯಾವಾಗಲೂ ನಿಮ್ಮ ಕಡೆಯದ್ದೇ ಎಂದುಕೊಳ್ಳಬೇಡಿ. ಅಮ್ಮನ ಜೊತೆ ಮಾತು ಕಡಿಯುವ ಹೊತ್ತಿಗೇ ಜರ್ಮನಿಯಲ್ಲಿರುವ ಗೆಳತಿಗೆ ಒಂದು ವಿಡಿಯೊ ಕರೆ ಮಾಡಿ. ಅದು ಚೆನ್ನಾಗಿದ್ದರೆ ತೊಂದರೆ ಇರುವುದು ಆ ತುದಿಯಲ್ಲಿ ಅಥವಾ ದಾರಿಯಲ್ಲಿ. ಸಕಲೇಶಪುರದ ಮಳೆಗಾಲ ನಿಮಗೆ ನಾನು ಹೇಳಬೇಕಾ? ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಅಲ್ಲಿ ಎಲ್ಲವೂ ನಿಲ್ಲುತ್ತದೆ. ದಾರಿಯ ತೊಂದರೆಯೂ ಉಂಟು. ಯುರೋಪಿನಿಂದ ಭಾರತಕ್ಕೆ ಹೋಗುವ ಕೇಬಲ್‌ಗಳಲ್ಲಿ ಬಹಳಷ್ಟು ಕೆಂಪು ಸಮುದ್ರದ ತಳದಲ್ಲಿ ಹಾದುಹೋಗುತ್ತವೆ. 2024ರ ಆರಂಭದಲ್ಲಿ ಒಮ್ಮೆ, 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಅಲ್ಲಿ ಕೇಬಲ್‌ಗಳು ತುಂಡಾದವು. ಅಂಥ ದಿನಗಳಲ್ಲಿ ಇಲ್ಲಿ ಏನು ಬದಲಿಸಿದರೂ ಅಷ್ಟೇ.

ಕರೆಯ ಹೊತ್ತನ್ನೂ ಬದಲಿಸಿ ನೋಡಿ. ನಮ್ಮ ಊರು ಇಲ್ಲಿಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ನೀವು ರಾತ್ರಿ ಎಂಟಕ್ಕೆ ಕರೆ ಮಾಡಿದರೆ ಅಮ್ಮ ಮಧ್ಯರಾತ್ರಿ ಎದ್ದಿರಬೇಕು, ಇಲ್ಲಿನ ಟವರ್ ಮೇಲೂ ಆಗಲೇ ಜನ ಜಾಸ್ತಿ. ಮಧ್ಯಾಹ್ನ ಒಂದಕ್ಕೆ ಮಾಡಿದರೆ ಅಲ್ಲಿ ಸಂಜೆಯ ಕಾಫಿ ಹೊತ್ತು, ಎರಡೂ ಕಡೆ ಹಗುರ. ಮುಖ ಕಾಣದಿದ್ದಾಗ ವಿಡಿಯೊ ಆಫ್ ಮಾಡಿ ಮಾತು ಮುಂದುವರಿಸಿ. ಬರಿ ಮಾತಿಗೆ ಸೆಕೆಂಡಿಗೆ 100 ಕಿಲೋಬಿಟ್ ಇದ್ದರೂ ಸಾಕು. ಅಮ್ಮ ಮಗಳಿಗೆ ಮೊದಲು ಬೇಕಿರುವುದು ದನಿ ಅಲ್ವಾ.

ರೈಲಿನಲ್ಲಿ ನೆಟ್ ನೆಚ್ಚಬೇಡಿ, ಅಷ್ಟೇ ಹೇಳುತ್ತೇನೆ. ಅದೇ ಲೋಹದ ಲೇಪದ ಗಾಜು, ಜೊತೆಗೆ ಸುರಂಗ. ಟಿಕೆಟ್, ನಕ್ಷೆ, ಪಾಠ ಎಲ್ಲವನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ತುರ್ತು ಕರೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಮೂಲಕ 112 ಹೋಗುತ್ತದೆ. ಆದರೆ ಜರ್ಮನಿಯಲ್ಲಿ ಸಿಮ್ ಇಲ್ಲದ ಫೋನಿನಿಂದ ಹೋಗುವುದಿಲ್ಲ, 2009ರಿಂದ ಹೀಗಿದೆ. ಹಳೆಯ ಫೋನನ್ನು ಸಿಮ್ ಇಲ್ಲದೆ ತುರ್ತಿಗಿರಲಿ ಎಂದು ಇಟ್ಟುಕೊಂಡಿದ್ದರೆ ಅದನ್ನು ನಂಬಬೇಡಿ.

ಬೂಸ್ಟರ್ ಏಕೆ ಬೇಡ ಎಂದರೆ, ಇಲ್ಲಿ ಆ ತರಂಗಗಳು ಹರಾಜಿನಲ್ಲಿ ಕೊಂಡ ಕಂಪನಿಗಳ ಸೊತ್ತು. ಅವರ ಒಪ್ಪಿಗೆ ಇಲ್ಲದೆ ಅದೇ ತರಂಗದಲ್ಲಿ ಸಿಗ್ನಲ್ ಹೊಮ್ಮಿಸುವ ಯಂತ್ರ ಇಡುವುದು ಕಾನೂನಿಗೆ ವಿರುದ್ಧ. ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ, ಮಾರುವವರು ಇದನ್ನು ಹೇಳುವುದಿಲ್ಲ. ಕೆಟ್ಟ ಬೂಸ್ಟರ್ ಒಂದು ಇಡೀ ಬಡಾವಣೆಯ ಟವರನ್ನು ಕೆಡಿಸಬಲ್ಲದು. ಬುಂಡೆಸ್‌ನೆಟ್ಸ್‌ಅಗೆಂಟೂರ್‌ನವರು ಅಳತೆಯ ಗಾಡಿ ತಂದು ಪತ್ತೆ ಹಚ್ಚುತ್ತಾರೆ, ದಂಡವೂ ಬೀಳಬಹುದು. ವೀಸಾ ಮೇಲೆ ಇರುವ ನಮಗೆ ಈ ತಲೆನೋವು ಬೇಕಾ? ಸಿಮ್ ಹಾಕುವ ರೌಟರ್ ತಂದು ಅದಕ್ಕೆ ಕಿಟಕಿಯ ಹೊರಗೆ ಸಾದಾ ಆಂಟೆನಾ ಜೋಡಿಸುವುದಕ್ಕೆ ತಡೆಯಿಲ್ಲ. ಅದು ರೌಟರಿನ ಕಿವಿಯನ್ನು ಹೊರಗಿಟ್ಟ ಹಾಗಷ್ಟೇ. ಗೋಡೆಗೆ ತೂತು ಹಾಕುವ ಮುಂಚೆ ಮನೆ ಮಾಲೀಕರನ್ನು ಕೇಳಿ.

ಕೊನೆಯದು ಕಾಂಟ್ರಾಕ್ಟ್. 24 ತಿಂಗಳು ಸುಮ್ನೆ ಕಾಯಬೇಕೆಂದಿಲ್ಲ. 2021ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ಟೆಲಿಕಾಂ ಕಾನೂನಿನ ಪ್ರಕಾರ, ಮಾತು ಕೊಟ್ಟದ್ದಕ್ಕಿಂತ ಸೇವೆ ಬಹಳ ಕಡಿಮೆಯಿದ್ದು, ಅದು ಮತ್ತೆ ಮತ್ತೆ ಆಗುತ್ತಿದ್ದರೆ ಬಿಲ್ ಕಡಿಮೆ ಮಾಡಿಸಬಹುದು ಅಥವಾ ಕಾಂಟ್ರಾಕ್ಟ್ ಮುರಿಯಬಹುದು. ಬಾಯಿಮಾತು ನಡೆಯುವುದಿಲ್ಲ, ಅಳತೆ ಬೇಕು. ಬುಂಡೆಸ್‌ನೆಟ್ಸ್‌ಅಗೆಂಟೂರ್‌ನ ಬ್ರೈಟ್‌ಬಾಂಡ್‌ಮೆಸುಂಗ್ ಎಂಬ, ನೆಟ್ ವೇಗ ಅಳೆಯುವ ಆ್ಯಪ್ ಹಾಕಿಕೊಂಡು, ಅದು ಹೇಳಿದಷ್ಟು ಸಲ, ಹೇಳಿದಷ್ಟು ದಿನ ಅಳೆಯಿರಿ. ಬ್ಯಾಂಡ್ 20 ಇಲ್ಲದ ಫೋನಿನಲ್ಲಿ ಅಳೆದು ಕಳಿಸಬೇಡಿ, ತಪ್ಪು ನಿಮ್ಮ ಫೋನಿನದು ಎಂದು ಅವರು ತಳ್ಳಿಹಾಕುವುದು ನ್ಯಾಯವೇ. ಯಜಮಾನರ ಫೋನ್ ಬಳಸಿ. ಗೋಡೆಯ ಒಳಗೆ ಸಿಗ್ನಲ್ ಕೊಡುತ್ತೇವೆಂದು ಕಂಪನಿಗಳು ಸಾಮಾನ್ಯವಾಗಿ ಮಾತು ಕೊಡುವುದಿಲ್ಲ, ಹಾಗಾಗಿ ಹೊರಗಿನ ಅಳತೆಯೂ ಇರಲಿ.

ಅಳತೆಯ ಫಲಿತಾಂಶ ಸೇರಿಸಿ ಕಂಪನಿಗೆ ಬರಹದಲ್ಲಿ ದೂರು ಕೊಡಿ, ಸರಿಮಾಡಲು ಎರಡು ವಾರದ ಗಡುವು ತಾರೀಖು ಸಮೇತ ಬರೆಯಿರಿ. ಫೋನಿನಲ್ಲಿ ದೂರಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಳ್ಳಿ. ಭಾಷೆಯ ಬಗ್ಗೆ ಹೆದರಬೇಡಿ, ಗ್ರಾಹಕ ಸಲಹಾ ಕೇಂದ್ರ ಫೆರ್‌ಬ್ರಾಉಖರ್‌ಸೆಂಟ್ರಾಲೆಯ ಜಾಲತಾಣದಲ್ಲಿ ಹಲವು ಮಾದರಿ ಪತ್ರಗಳು ಸಿಗುತ್ತವೆ, ಕಡಿಮೆ ಶುಲ್ಕಕ್ಕೆ ಸಲಹೆಯೂ ಕೊಡುತ್ತಾರೆ. ಗಡುವು ಮುಗಿದರೂ ಉತ್ತರ ಬಾರದಿದ್ದರೆ ಬುಂಡೆಸ್‌ನೆಟ್ಸ್‌ಅಗೆಂಟೂರ್‌ನಲ್ಲಿ ರಾಜಿ ಮಾಡಿಸುವ ವಿಭಾಗವಿದೆ, ಅಲ್ಲಿಗೆ ಅರ್ಜಿ ಹಾಕಲು ದುಡ್ಡು ಕೊಡಬೇಕಿಲ್ಲ. ಅಷ್ಟರವರೆಗೆ ಬಿಲ್ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ. ಬಾಕಿ ಉಳಿದರೆ ನಿಮ್ಮ ಹೆಸರು ಶೂಫಾ ಎಂಬ ಸಾಲದ ದಾಖಲೆಗೆ ಹೋಗಬಹುದು. ಮುಂದಿನ ಬಾಡಿಗೆ ಮನೆ ಹುಡುಕುವಾಗ ಮಾಲೀಕರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.